ಬೋರಲಿಟ್ಟ ಫೋನ್

"ಒಂದ್ಸಲ ನೋಡಿದ್ರೆ ಸಾಕು ಮೇಡಂ, ಮನುಷ್ಯ ಎಂಥವನು ಅಂತ ಹೇಳ್ಬಿಡ್ತೀನಿ."

ಕೌನ್ಸೆಲಿಂಗ್‌ಗೆ ಬಂದು ನನ್ನೆದುರು ಕೂತು ಈ ಮಾತು ಹೇಳಿದವರು ಇವರೊಬ್ಬರೇ ಅಲ್ಲ. ವಯಸ್ಸು ಬೇರೆ, ಕೆಲಸ ಬೇರೆ, ಮಾತು ಮಾತ್ರ ಅದೇ. ಮತ್ತೆ ಮತ್ತೆ ಕೇಳಿ ಬಂದಿದ್ದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ನಲವತ್ತರ ಆಸುಪಾಸಿನವರು. ಕೈಕೆಳಗೆ ಹತ್ತಾರು ಜನ. ತಂಗಿ ಮಾತು ಬಿಟ್ಟು ಐದು ತಿಂಗಳಾಗಿತ್ತು. ಅದಕ್ಕಿಂತ ಮೊದಲು ಇಬ್ಬರು ಹಳೇ ಗೆಳೆಯರು ದೂರವಾಗಿದ್ದರು. ಎಲ್ಲದಕ್ಕೂ ಅವರ ಹತ್ತಿರ ಒಂದೇ ವಿವರಣೆ: "ಜನ ಒಳಗೊಂದು, ಹೊರಗೊಂದು. ನನಗೆ ಅದು ಬೇಗ ಗೊತ್ತಾಗ್ಬಿಡುತ್ತೆ."

ಮೊದಲ ದಿನ ಅವರು ಎದ್ದು ಹೋದ ಮೇಲೆ ನೋಟ್ಸ್‌ನಲ್ಲಿ ನಾನು ಒಂದು ಪದ ಬರೆದಿದ್ದೆ: ಅಹಂಕಾರ. ಎರಡನೇ ಸಲ ಅವರು ಬರುವ ಮುಂಚೆ ಪುಟ ತೆರೆದಾಗ ಆ ಪದ ಕಣ್ಣಿಗೆ ಬಿತ್ತು. ಐವತ್ತು ನಿಮಿಷದಲ್ಲಿ ನಾನೂ ಒಬ್ಬ ಮನುಷ್ಯನನ್ನು ಒಂದು ಪದಕ್ಕೆ ಇಳಿಸಿಬಿಟ್ಟಿದ್ದೆ. ಅದು ನನ್ನನ್ನು ತುಂಬಾ ಕಾಡಿತು. ಅವರಿಗೆ ಆಮೇಲೆ ಹೇಳಿದ್ದೆಲ್ಲ ನನಗೆ ನಾನು ಹೇಳಿಕೊಂಡದ್ದೂ ಹೌದು.

1967ರಲ್ಲಿ ಜೋನ್ಸ್ ಮತ್ತು ಹ್ಯಾರಿಸ್ ಅನ್ನುವ ಮನಃಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದ ಬಗ್ಗೆ ಅವರಿಗೆ ಹೇಳಿದೆ. ಕ್ಯೂಬಾದ ನಾಯಕ ಕ್ಯಾಸ್ಟ್ರೊ ಪರವಾಗಿ, ವಿರುದ್ಧವಾಗಿ ಬರೆದ ಪ್ರಬಂಧಗಳನ್ನು ಜನರಿಗೆ ಓದಲು ಕೊಟ್ಟಿದ್ದರು. ಯಾವ ಪರ ಬರೆಯಬೇಕು ಅಂತ ಬರೆದವರಿಗೆ ಮೊದಲೇ ಗೊತ್ತುಮಾಡಿ ಕೊಟ್ಟಿದ್ದರು, ಅದು ಅವರದೇ ಆಯ್ಕೆ ಅಲ್ಲ ಅಂತ ತಿಳಿಸಿದಾಗಲೂ, ಓದಿದವರು ಅದು ಬರೆದವರ ಸ್ವಂತ ಅಭಿಪ್ರಾಯವೇ ಇರಬೇಕು ಅಂತ ವಾಲಿದರು. ಎದುರಿನವರ ಪರಿಸ್ಥಿತಿ ನಮಗೆ ಕಾಣುವುದು ಕಡಿಮೆ. ಕಂಡದ್ದನ್ನೆಲ್ಲ ಅವರ ಗುಣ ಅಂದುಕೊಳ್ಳುತ್ತೇವೆ.

"ನಾನಾಗಿದ್ರೆ ಹಾಗೆ ಮೋಸ ಹೋಗ್ತಿರಲಿಲ್ಲ," ಅಂದರು.

ಹಾಗೆ ಅನ್ನಿಸುವುದು ಸಹಜ. ಬೇರೆಯವರ ಪೂರ್ವಗ್ರಹ ನಮಗೆ ಎದ್ದು ಕಾಣುತ್ತದೆ, ನಮ್ಮದು ಕಾಣುವುದಿಲ್ಲ. ಮನಃಶಾಸ್ತ್ರಜ್ಞೆ ಎಮಿಲಿ ಪ್ರೋನಿನ್ ಮತ್ತು ಜೊತೆಗಾರರು 2002ರಲ್ಲಿ ತೋರಿಸಿದ್ದು ಇದನ್ನೇ. ಆದರೆ ವಾದ ಬೆಳೆಸಲಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ ಅಂದೆ. ಹಾಳೆಯ ಎಡಗಡೆ ಕಣ್ಣು ಕಂಡಿದ್ದು, ಕಿವಿ ಕೇಳಿದ್ದು ಅಷ್ಟೇ. ಬಲಗಡೆ ಮನಸ್ಸು ಸೇರಿಸಿದ್ದು. ಮೊದಲು ತಂಗಿಯ ಜೊತೆಗಿನ ಕೊನೆಯ ಭೇಟಿಯನ್ನು ಬರೆಯಿರಿ ಅಂದೆ.

ನಾಲ್ಕನೇ ಸೆಷನ್‌ಗೆ ಬರೆದುಕೊಂಡು ಬಂದರು. ಎಡಗಡೆ ಇದ್ದದ್ದು ಒಂದೇ ಸಾಲು: 'ನಾನು ಮಾತು ಶುರು ಮಾಡಿದಾಗ ಫೋನ್ ತೆಗೆದು ಬೋರಲಿಟ್ಟಳು.' ಬಲಗಡೆ ಮುಕ್ಕಾಲು ಪುಟ. ಅವಳು ಏನೋ ಮುಚ್ಚಿಡುತ್ತಿದ್ದಾಳೆ, ಯಾರ ಜೊತೆಗೋ ನನ್ನ ಬಗ್ಗೆ ಮಾತಾಡುತ್ತಿದ್ದಾಳೆ, ಮೊದಲಿನಿಂದಲೂ ಅವಳು ಹೀಗೇ. ಅವತ್ತು ಇದನ್ನೆಲ್ಲ ಅವಳ ಮುಖಕ್ಕೇ ಹೇಳಿದ್ದರು. ಅವಳು ಎದ್ದು ಹೋಗಿದ್ದಳು.

"ಬೋರಲಿಟ್ಟರೆ ಮುಚ್ಚಿಡೋದು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಇನ್ನೇನಕ್ಕೆ ಇಡ್ತಾರೆ ಮೇಡಂ?"

"ನೀವು ಯಾವಾಗ ಹಾಗೆ ಇಡ್ತೀರಿ?"

ಅವರು ಬಾಯಿ ತೆರೆದರು, ಮಾತು ಬರಲಿಲ್ಲ. ಪೆನ್ನಿನ ಕ್ಯಾಪ್ ತೆಗೆದರು, ಹಾಕಿದರು, ಮತ್ತೆ ತೆಗೆದರು. ನಾನು ಸುಮ್ಮನೆ ಕೂತೆ. ಇಂಥ ಹೊತ್ತಲ್ಲಿ ಏನಾದರೂ ಹೇಳಿಬಿಡಬೇಕು ಅನ್ನಿಸುತ್ತದೆ, ಹೇಳಬಾರದು. ತುಂಬಾ ಹೊತ್ತಾದ ಮೇಲೆ ತಗ್ಗಿದ ದನಿಯಲ್ಲಿ, "ಸಾಲ ಕೊಟ್ಟವರ ಮೆಸೇಜ್ ಬರುತ್ತೆ. ನನ್ನ ಹೆಂಡತಿಗೆ ಗೊತ್ತಿಲ್ಲ. ಎರಡು ವರ್ಷ ಆಯ್ತು," ಅಂದರು.

ತಂಗಿಯ ಕೈಯಲ್ಲಿ ಅವರು ಓದಿದ್ದು ತಮ್ಮ ಕೈಬರಹವನ್ನೇ.

ನಮ್ಮೊಳಗೆ ಇರುವುದನ್ನು ಎದುರಿನವರ ಮೇಲೆ ಹೊರಿಸುವುದಕ್ಕೆ ಮನಃಶಾಸ್ತ್ರದಲ್ಲಿ ಫ್ರಾಯ್ಡ್ ಕಾಲದಿಂದಲೂ ಒಂದು ಹೆಸರಿದೆ. ಅದನ್ನು ಮೊದಲ ದಿನವೇ ಹೇಳಿ ಮುಗಿಸಬಹುದಿತ್ತಲ್ಲ, ನಾಲ್ಕು ಸೆಷನ್ ಯಾಕೆ ಬೇಕಿತ್ತು ಅಂತ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಕೇಳಿದರು. ನಾನು ಒಪ್ಪುವುದಿಲ್ಲ. ಹೆಸರು ಕೊಟ್ಟಿದ್ದರೆ ಅವರು ಅದನ್ನೂ ಕಲಿತು, ನಾಳೆಯಿಂದ ಬೇರೆಯವರ ಮೇಲೆ ಹಚ್ಚುತ್ತಿದ್ದರು. ತಾನಾಗಿ ಕಂಡುಕೊಂಡದ್ದಕ್ಕೆ ಮಾತ್ರ ಮನುಷ್ಯನನ್ನು ತಡೆದು ನಿಲ್ಲಿಸುವ ಶಕ್ತಿ ಇದೆ ಅನ್ನುವುದು ನನ್ನ ನಂಬಿಕೆ.

ಇನ್ನೊಂದು ಆಕ್ಷೇಪ ಜಾಸ್ತಿ ಗಂಭೀರವಾದದ್ದು. ಹಾಗಾದರೆ ಒಳಮನಸ್ಸು ಹೇಳುವುದನ್ನು ನಂಬಲೇಬಾರದಾ? ಖಂಡಿತ ಹಾಗಲ್ಲ. ಯಾರದೋ ಹತ್ತಿರ ಕೂತಾಗ ಭಯವಾದರೆ ಮೊದಲು ಅಲ್ಲಿಂದ ಎದ್ದು ಬನ್ನಿ. ಕಾರಣ ಆಮೇಲೆ ಹುಡುಕೋಣ. ಮನಸ್ಸು ಹೇಳುವುದರಲ್ಲಿ ಸುದ್ದಿ ಇರುತ್ತದೆ. ಆ ಸುದ್ದಿ ಎದುರಿನವರದ್ದೋ ನನ್ನದೋ ಅನ್ನುವುದನ್ನು ಕೇಳಿಕೊಳ್ಳದೆ ತೀರ್ಪು ಕೊಟ್ಟಾಗ ಮನೆ ಮುರಿಯುತ್ತದೆ. ಜನರನ್ನು ಅರ್ಥ ಮಾಡಿಕೊಳ್ಳಲು ನಮ್ಮ ಹತ್ತಿರ ಇರುವುದು ನಮ್ಮ ಮನಸ್ಸು ಒಂದೇ. ಅದರಲ್ಲಿ ಏನೇನು ತುಂಬಿದೆ ಅಂತ ತಿಳಿದಿರಬೇಕು ಅಲ್ವಾ?

ಅವರಿಗೆ ಕೊಟ್ಟ ಸಲಹೆ ಇಷ್ಟು. ಮೊದಲು ಸಾಲದ ವಿಷಯ ಹೆಂಡತಿಗೆ ಹೇಳಿ. ನೋಟ್‌ಬುಕ್ ಬಿಡಬೇಡಿ, ಬಲಗಡೆ ಬರೆದ ಮೇಲೆ ಆ ಹೊತ್ತಿನಲ್ಲಿ ನಿಮಗೆ ನಿದ್ದೆ ಆಗಿತ್ತಾ, ಏನಾದರೂ ಭಯ ಇತ್ತಾ ಅಂತ ಕೆಳಗೆ ಒಂದು ಸಾಲು ಸೇರಿಸಿ. ಯಾರ ಬಗ್ಗೆಯಾದರೂ ತೀರ್ಮಾನಕ್ಕೆ ಬಂದರೆ ಒಂದು ದಿನ ಬಾಯಿಬಿಡಬೇಡಿ. ಮರುದಿನ ಅದನ್ನು ಪ್ರಶ್ನೆಯಾಗಿ ಕೇಳಿ.

ಹೆಂಡತಿಗೆ ಹೇಳಲು ಮೂರು ವಾರ ಬೇಕಾಯಿತು. ಸುಲಭವಾಗಲಿಲ್ಲ, ಜಗಳವೂ ಆಯಿತು. ಆಮೇಲೆ ತಂಗಿಗೆ ಒಂದು ಮೆಸೇಜ್ ಕಳಿಸಿದರು: 'ಅವತ್ತು ಫೋನ್ ಯಾಕೆ ಬೋರಲಿಟ್ಟೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಈಗ ಕೇಳ್ತಿದ್ದೀನಿ.'

ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಬಂತು: 'ನೀನು ಮಾತಾಡುವಾಗ ಮೆಸೇಜ್ ನೋಡ್ತಾ ಕೂರಬಾರದು ಅಂತ ಇಟ್ಟೆ ಅಣ್ಣ.'

ಮುಂದಿನ ಸೆಷನ್‌ನಲ್ಲಿ ಅದನ್ನು ನನಗೆ ಓದಿ ಹೇಳಿದರು, ಫೋನಿನಿಂದಲ್ಲ, ನೋಟ್‌ಬುಕ್ಕಿನಿಂದ. ಎಡಗಡೆ ಬರೆದುಕೊಂಡಿದ್ದರು.