ಟೊಮೆಟೊ ಪಾಟಿನಲ್ಲಿ ತಾನಾಗೇ ಹುಟ್ಟಿದ ಕಪ್ಪು ಹಣ್ಣಿನ ಗಿಡ ಯಾವುದು? ವಿಷವಾ?

ಮೊಣಕಾಲುದ್ದದ ಗಿಡ, ಸಣ್ಣ ಬಿಳಿ ಹೂವು, ಬಟಾಣಿಗಿಂತ ಚಿಕ್ಕ ಕಾಯಿ ಮೊದಲು ಹಸಿರು ಆಮೇಲೆ ಕಪ್ಪು ಅಂತ ಬರೆದಿದ್ದೀರಿ. ಅದು ಗಣಿಕೆ ಸೊಪ್ಪು ಇರಬೇಕು. ಕಾಕಮಾಚಿ ಅಂತಲೂ ಕರೆಯುತ್ತಾರೆ. ನಮ್ಮ ಮಂಡ್ಯ ಕಡೆ ಬೆರಕೆ ಸೊಪ್ಪಿನ ಸಾರಿಗೆ ಹೊಲದ ಬದುವಿನಿಂದ ಕಿತ್ತು ತರುತ್ತಿದ್ದುದರಲ್ಲಿ ಇದೂ ಒಂದು. ಬದನೆ, ಟೊಮೆಟೊಗಳ ದಾಯಾದಿ.

ಬೀಜ ಹಾಕದೆ ಎಲ್ಲಿಂದ ಬಂತು ಅಂತ ಕೇಳಿದ್ದೀರಲ್ಲ, ಪಾಟಿನ ಮೇಲೆ ಬಟ್ಟೆ ಹಗ್ಗವೋ ಕೇಬಲ್ಲೋ ಹಾದು ಹೋಗಿದೆಯಾ ನೋಡಿ. ನಮ್ಮ ತಾರಸಿಯಲ್ಲಿ ಹಗ್ಗದ ಕೆಳಗಿನ ಪಾಟುಗಳಲ್ಲಿ ಮಾತ್ರ ಇದು ಹುಟ್ಟುತ್ತಿತ್ತು, ಯಾಕೆ ಅಂತ ನನಗೆ ಹೊಳೆಯಲು ಎರಡು ಮಳೆಗಾಲ ಬೇಕಾಯಿತು. ಪಿಕಳಾರ ಹಕ್ಕಿ (ಬುಲ್‌ಬುಲ್) ಹಣ್ಣು ನುಂಗುತ್ತದೆ, ಹಗ್ಗದ ಮೇಲೆ ಬಂದು ಕೂತು ಹಿಕ್ಕೆ ಹಾಕುತ್ತದೆ, ತಿರುಳು ಅದರ ಹೊಟ್ಟೆಗೆ, ಜೀರ್ಣವಾಗದ ಬೀಜ ನಮ್ಮ ಪಾಟಿಗೆ. ಒಂದೊಂದು ಹಣ್ಣಿನಲ್ಲೂ ಹತ್ತಾರು ಬೀಜ, ಗಿಡದ ತುಂಬ ಗೊಂಚಲು, ನೀವೇ ಲೆಕ್ಕ ಹಾಕಿ. ಹೊಲದ ಮಣ್ಣು, ಕೊಟ್ಟಿಗೆ ಗೊಬ್ಬರದ ಜೊತೆಗೂ ಬರುತ್ತದೆ. ಬಿದ್ದ ಬೀಜವೆಲ್ಲ ಒಟ್ಟಿಗೇ ಮೊಳೆಯುವುದಿಲ್ಲ, ಎಷ್ಟೋ ಬೀಜ ವರ್ಷಗಟ್ಟಲೆ ಮಣ್ಣೊಳಗೆ ಸುಮ್ನೆ ಬಿದ್ದಿರುತ್ತವೆ. ನಾವು ಮಣ್ಣು ಕೆದಕಿದಾಗ ಮೇಲೆ ಬಂದು, ಬೆಳಕು ತಾಗಿದ ಮೇಲೆ ಏಳುತ್ತವೆ. ಹೋದ ವರ್ಷ ಪೂರ್ತಿ ಕಿತ್ತಿದ್ದೆ, ಮತ್ತೆ ಬಂತಲ್ಲ ಅಂತ ಬೇಜಾರಾಗಬೇಡಿ.

ವಿಷದ ವಿಷಯ. ಗಣಿಕೆಯ ಇಂಗ್ಲಿಷ್ ಹೆಸರು ಅಂತ ನೆಟ್ಟಲ್ಲಿ 'ನೈಟ್‌ಶೇಡ್' ಹುಡುಕಿದರೆ ಬೆಲ್ಲಡೋನಾ ಅನ್ನುವ ಕಡು ವಿಷದ ಗಿಡ ಬಂದು ಹೆದರಿಸುತ್ತದೆ. ಅದು ಯುರೋಪಿನ ಕಡೆಯ ಬೇರೆಯೇ ಗಿಡ: ಗಂಟೆಯಂಥ ಮಬ್ಬು ನೇರಳೆ ಹೂವು, ಹಣ್ಣು ದೊಡ್ಡದು, ಗೊಂಚಲಾಗದೆ ಒಂಟಿಯಾಗಿರುತ್ತದೆ. ಹಾಗಂತ ಗಣಿಕೆಯೂ ಪೂರ್ತಿ ಸಾಧು ಅಲ್ಲ. ಹಸಿರು ಕಾಯಿಯಲ್ಲಿ ಸೋಲನಿನ್ ಅನ್ನುವ ವಿಷ ಇರುತ್ತದೆ, ಮಕ್ಕಳಿದ್ದರೆ ಜೋಪಾನ. ಸೊಪ್ಪನ್ನೂ ಹಸಿಯಾಗಿ ತಿನ್ನುವುದಿಲ್ಲ, ಬೇಯಿಸಿಯೇ ತಿನ್ನುವುದು. ನನ್ನ ಮಾತು ನಂಬಿಕೊಂಡು ಸಾರಿಗೆ ಹಾಕಬೇಡಿ, ಸೊಪ್ಪು ಮಾರುವ ಅಜ್ಜಿಗೋ ಊರಿನ ಹಿರಿಯರಿಗೋ ಗಿಡ ತೋರಿಸಿ ಕೇಳಿ.

ಟೊಮೆಟೊ ಪಾಟಿನಿಂದಂತೂ ತೆಗೆದುಬಿಡಿ. ಬಿಳಿ ನೊಣ, ಎಲೆಚುಕ್ಕೆ ರೋಗ ಎರಡಕ್ಕೂ ಇದು ತಂಗುದಾಣ. ಹೂ ಬಿಡುವ ಮೊದಲೇ, ಮಣ್ಣು ಒದ್ದೆ ಇದ್ದಾಗ ಎಳೆದರೆ ಬೇರು ಸಮೇತ ಬರುತ್ತದೆ. ಕಾಯಿ ಬಿಟ್ಟಿದ್ದರೆ ಕಿತ್ತಿದ್ದನ್ನು ಕಾಂಪೋಸ್ಟಿಗೆ ಹಾಕಬೇಡಿ. ಸೊಪ್ಪು ಬೇಕು ಅನಿಸಿದರೆ ಒಂದು ಗಿಡ ದೂರದ ಪಾಟಿನಲ್ಲಿ ಇಟ್ಟುಕೊಳ್ಳಿ, ಕುಡಿ ಚಿವುಟಿದಷ್ಟೂ ಕವಲು ಜಾಸ್ತಿ ಬರುತ್ತದೆ.