ಮೊಳದ ದೂರದ ಮುಖ, ಮಾರು ದೂರದ ಮುಖ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿವೆ. ಕೆಲಸಕ್ಕೆ ಅರ್ಜಿ ಹಾಕುವವರು, ಕಂಪನಿಯ ಜಾಲತಾಣಕ್ಕೆ ಚಿತ್ರ ಕೊಡಬೇಕಾದವರು, ನಾಟಕ ಮತ್ತು ಧಾರಾವಾಹಿಗಳಲ್ಲಿ ಅವಕಾಶ ಹುಡುಕುತ್ತಿರುವವರು ಎಲ್ಲರೂ ‘ಹೆಡ್‌ಶಾಟ್’ ಎಂದು ಕರೆಯಲಾಗುವ ವೃತ್ತಿಪರ ಭಾವಚಿತ್ರದ ಬಗ್ಗೆ ಕೇಳಿದ್ದಾರೆ. ಆರು ಪ್ರಶ್ನೆಗಳನ್ನು ಆಯ್ದುಕೊಂಡಿದ್ದೇನೆ. ದೂರ ಮತ್ತು ಬೆಳಕನ್ನು ಕುರಿತ ಉತ್ತರಗಳು ಉಳಿದವುಗಳಿಗಿಂತ ಉದ್ದವಾಗಿವೆ, ಏಕೆಂದರೆ ನಾನು ನೋಡಿದ ಕೆಟ್ಟ ಚಿತ್ರಗಳಲ್ಲಿ ಬಹುಪಾಲು ಕೆಟ್ಟಿರುವುದು ಅಲ್ಲಿಯೇ.

ಪ್ರಶ್ನೆ: ವೈಟ್‌ಫೀಲ್ಡಿನ ಕಂಪನಿಯೊಂದಕ್ಕೆ ಹೊಸದಾಗಿ ಸೇರಿದ್ದೇನೆ. ಹೆಡ್‌ಶಾಟ್ ಕೇಳಿದಾಗ ಪಾಸ್‌ಪೋರ್ಟ್ ಅಳತೆಯ ಫೋಟೊ ಕಳುಹಿಸಿದೆ. ಅದು ಬೇಡವೆಂದು ಹಿಂದಿರುಗಿಸಿದರು. ಎರಡೂ ಮುಖದ ಚಿತ್ರಗಳೇ ಅಲ್ಲವೇ?
— ಓದುಗರೊಬ್ಬರು, ಕೆ.ಆರ್. ಪುರ

ಉತ್ತರ: ಮುಖ ಒಂದೇ, ಆದರೆ ಅದನ್ನು ನೋಡುವವರು ಬೇರೆ. ಪಾಸ್‌ಪೋರ್ಟ್ ಫೋಟೊವನ್ನು ನೋಡುವುದು ಕೌಂಟರಿನ ಹಿಂದೆ ಕುಳಿತ ಅಧಿಕಾರಿ ಅಥವಾ ಒಂದು ಯಂತ್ರ. ಆಗ ನೀವೂ ಎದುರಿಗೇ ನಿಂತಿರುತ್ತೀರಿ. ಎರಡನ್ನೂ ತಾಳೆ ನೋಡುವುದಷ್ಟೇ ಅದರ ಕೆಲಸವಾದ್ದರಿಂದ 35×45 ಮಿ.ಮೀ. ಅಳತೆ, ಬಿಳಿಯ ಹಿನ್ನೆಲೆ, ಮುಚ್ಚಿದ ತುಟಿ, ಎಲ್ಲಿಯೂ ನೆರಳು ಬೀಳದ ಸಪಾಟು ಬೆಳಕು ಇವೇ ಅದರ ಲಕ್ಷಣಗಳು. ಹೆಡ್‌ಶಾಟನ್ನು ನೋಡುವವರಾದರೋ ನಿಮ್ಮನ್ನು ಎಂದೂ ಕಂಡಿಲ್ಲದವರು, ಮತ್ತು ಅವರು ನೋಡುವಾಗ ನೀವು ಅಲ್ಲಿ ಇರುವುದಿಲ್ಲ. 2006ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಅಪರಿಚಿತ ಮುಖವನ್ನು ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ಹೊತ್ತು ಕಂಡರೂ ಸಾಕು, ಈ ವ್ಯಕ್ತಿ ನಂಬಿಕೆಗೆ ಅರ್ಹನೇ, ಸಮರ್ಥನೇ ಎಂಬ ಅಭಿಪ್ರಾಯ ಮನಸ್ಸಿನಲ್ಲಿ ಮೂಡಿಬಿಡುತ್ತದೆ. ಆ ಅಭಿಪ್ರಾಯ ಸರಿಯೋ ತಪ್ಪೋ ಎಂಬುದು ಬೇರೆ ಮಾತು.

ಆದ್ದರಿಂದ ಹೆಡ್‌ಶಾಟಿನಲ್ಲಿ ಎದೆಯಿಂದ ಮೇಲಿನ ಭಾಗವಿರುತ್ತದೆ, ಭುಜ ಸ್ವಲ್ಪ ಓರೆಯಾಗಿರುತ್ತದೆ, ಕಣ್ಣು ಚೌಕಟ್ಟಿನ ಮೇಲಿನ ಮೂರನೇ ಒಂದು ಭಾಗದ ಗೆರೆಯ ಹತ್ತಿರ ಬರುತ್ತದೆ, ಮತ್ತು ಬೆಳಕು ಒಂದು ಬದಿಯಿಂದ ಬಂದು ಇನ್ನೊಂದು ಕೆನ್ನೆಯ ಮೇಲೆ ತೆಳುವಾದ ನೆರಳನ್ನು ಬಿಡುತ್ತದೆ. ಮುಖಕ್ಕೆ ಆಕಾರ ಕೊಡುವುದೇ ಆ ನೆರಳು. ಇನ್ನೊಂದು ಸಂಗತಿಯನ್ನು ಮರೆಯಬಾರದು: ಅಮೆರಿಕದ ನಟರ ಹೆಡ್‌ಶಾಟ್ 8×10 ಇಂಚಿನ ಮುದ್ರಿತ ಪ್ರತಿಯಾಗಿ ಕೈಯಿಂದ ಕೈಗೆ ಹೋಗುತ್ತಿತ್ತು, ನಿಮ್ಮದಾದರೋ ಫೋನಿನ ಪರದೆಯ ಮೇಲೆ ಹುಣಸೆ ಬೀಜದಷ್ಟು ಗಾತ್ರದ ಒಂದು ವೃತ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಹಿಂದೆ ವಿಧಾನಸೌಧವನ್ನು ನಿಲ್ಲಿಸಿ ತೆಗೆಸಿದ ಚಿತ್ರಕ್ಕೆ ಆ ವೃತ್ತದಲ್ಲಿ ಜಾಗವಿಲ್ಲ.

ಪ್ರಶ್ನೆ: ನಾನೇ ತೆಗೆದುಕೊಂಡ ಸೆಲ್ಫಿಗಳಲ್ಲಿ ಮೂಗು ದಪ್ಪವಾಗಿಯೂ ಕಿವಿಗಳು ಹಿಂದಕ್ಕೆ ಸರಿದಂತೆಯೂ ಕಾಣುತ್ತವೆ. ಕನ್ನಡಿಯಲ್ಲಿ ಹಾಗೆ ಕಾಣುವುದಿಲ್ಲ. ಫೋನ್ ಬದಲಾಯಿಸಬೇಕೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ರಾಜರಾಜೇಶ್ವರಿ ನಗರ

ಉತ್ತರ: ಫೋನ್ ಬದಲಾಯಿಸುವುದು ಬೇಡ, ನಿಲ್ಲುವ ಜಾಗವನ್ನು ಬದಲಾಯಿಸಿ. ನಮ್ಮ ಹಳೆಯ ಅಳತೆಗಳಲ್ಲೇ ಹೇಳುವುದಾದರೆ, ಸೆಲ್ಫಿ ಒಂದು ಮೊಳದ ದೂರದ ಚಿತ್ರ, ಹೆಡ್‌ಶಾಟ್ ಒಂದು ಮಾರು ದೂರದ ಚಿತ್ರ. ಮೂಗಿನ ತುದಿಯಿಂದ ಕಿವಿಯವರೆಗೆ 12 ಸೆಂ.ಮೀ. ಆಳವಿದೆ ಎಂದಿಟ್ಟುಕೊಳ್ಳಿ. ಕ್ಯಾಮೆರಾ ಒಂದು ಮೊಳದ, ಅಂದರೆ ಸುಮಾರು 45 ಸೆಂ.ಮೀ. ದೂರದಲ್ಲಿದ್ದರೆ ಕಿವಿಗಳು 57 ಸೆಂ.ಮೀ. ದೂರದಲ್ಲಿರುತ್ತವೆ, ಹತ್ತಿರದ್ದು ದೊಡ್ಡದಾಗಿ ಕಾಣುವುದು ನಿಯಮವಾದ್ದರಿಂದ, ಕಿವಿಗೆ ಹೋಲಿಸಿದರೆ ಮೂಗು ಶೇ 27ರಷ್ಟು ಹಿಗ್ಗುತ್ತದೆ. ಅದೇ ಕ್ಯಾಮೆರಾವನ್ನು ಒಂದು ಮಾರು, ಸುಮಾರು 180 ಸೆಂ.ಮೀ. ಹಿಂದಕ್ಕೆ ಒಯ್ದರೆ ಈ ಹಿಗ್ಗು ಶೇ 7ಕ್ಕಿಂತ ಕೆಳಗಿಳಿಯುತ್ತದೆ. ತಮ್ಮ ಸೆಲ್ಫಿಗಳನ್ನು ತೋರಿಸಿ ಮೂಗಿನ ಶಸ್ತ್ರಚಿಕಿತ್ಸೆ ಕೇಳುವವರನ್ನು ಕಂಡಿದ್ದ ಅಮೆರಿಕದ ವೈದ್ಯರೊಬ್ಬರು ಸಹೋದ್ಯೋಗಿಗಳೊಡನೆ 2018ರಲ್ಲಿ ಇಂಥದೇ ಲೆಕ್ಕವನ್ನು ಪ್ರಕಟಿಸಿದರು: 5 ಅಡಿ ದೂರದ ಚಿತ್ರಕ್ಕಿಂತ 12 ಇಂಚು ದೂರದ ಚಿತ್ರದಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ.

ಇದು ಲೆನ್ಸಿನ ದೋಷವೆಂದು ಹಲವರು ನಂಬಿದ್ದಾರೆ. ಮುಖದ ಅನುಪಾತವನ್ನು ನಿರ್ಧರಿಸುವುದು ದೂರ ಮಾತ್ರ. ಲೆನ್ಸ್ ನಿರ್ಧರಿಸುವುದು ಆ ದೂರದಿಂದ ಎಷ್ಟು ಭಾಗ ಚೌಕಟ್ಟಿನೊಳಗೆ ಬರಬೇಕು ಎಂಬುದನ್ನು. ಛಾಯಾಗ್ರಾಹಕರು ಭಾವಚಿತ್ರಕ್ಕೆ 85 ಮಿ.ಮೀ.ಯಿಂದ 135 ಮಿ.ಮೀ.ವರೆಗಿನ ಲೆನ್ಸುಗಳನ್ನು ಆರಿಸುವುದು ಒಂದು ಮಾರಿಗೂ ಆಚೆ ನಿಂತು ಮುಖವನ್ನು ಚೌಕಟ್ಟಿನ ತುಂಬ ತುಂಬಿಸಲೆಂದೇ. ಫೋನಿನ ಮುಖ್ಯ ಕ್ಯಾಮೆರಾ ವಿಶಾಲ ನೋಟದ್ದಾದ್ದರಿಂದ ದೂರ ಹೋದರೆ ಮುಖ ಚಿಕ್ಕದಾಗುತ್ತದೆ. ಎರಡು ಅಥವಾ ಮೂರು ಪಟ್ಟಿನ ಜೂಮ್ ಇದ್ದರೆ ಅದನ್ನು ಬಳಸಿ, ಇಲ್ಲವಾದರೆ ದೂರದಿಂದಲೇ ತೆಗೆದು ಆಮೇಲೆ ಕತ್ತರಿಸಿ. ಇಂದಿನ ಫೋನುಗಳಿಗೆ ಅಷ್ಟು ತಾಕತ್ತಿದೆ. ಫೋನನ್ನು ನಿಮ್ಮ ಕಣ್ಣಿನ ಎತ್ತರದಲ್ಲಿ ಗೆಳೆಯರ ಕೈಗೆ ಕೊಡಿ.

ಕನ್ನಡಿಯ ವಿಚಾರವನ್ನು ಬಿಡಿಸಿ ಹೇಳಲೇಬೇಕು. ನೀವು ದಿನವೂ ಕಾಣುವುದು ಎಡಬಲ ಅದಲುಬದಲಾದ ಮುಖವನ್ನು, ಲೋಕ ಕಾಣುವುದು ಇನ್ನೊಂದನ್ನು. 1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿನಿಯರಿಗೆ ಅವರದೇ ಚಿತ್ರದ ಎರಡೂ ರೂಪಗಳನ್ನು ತೋರಿಸಿದಾಗ, ಹೆಚ್ಚಿನವರು ಕನ್ನಡಿಯ ರೂಪವನ್ನು ಮೆಚ್ಚಿದರು, ಅವರ ಗೆಳತಿಯರು ನೇರ ರೂಪವನ್ನು. ಆದ್ದರಿಂದ ಹತ್ತು ಚಿತ್ರಗಳಲ್ಲಿ ಒಂದನ್ನು ಆರಿಸುವ ಕೆಲಸವನ್ನು ನೀವೇ ಮಾಡಬೇಡಿ.

ಪ್ರಶ್ನೆ: ಸ್ಟುಡಿಯೊಗೆ ಹೋಗದೆ ಮನೆಯಲ್ಲಿಯೇ ತೆಗೆಸಿಕೊಳ್ಳುವುದಾದರೆ ಯಾವ ಕಿಟಕಿ, ಯಾವ ಹೊತ್ತು ಒಳ್ಳೆಯದು?
— ಗೃಹಿಣಿ, ಈಗ ಮತ್ತೆ ಕೆಲಸ ಹುಡುಕುತ್ತಿರುವವರು, ರಾಜಾಜಿನಗರ

ಉತ್ತರ: ಪುಸ್ತಕಗಳಲ್ಲಿ ‘ಉತ್ತರದ ಕಿಟಕಿ’ ಎಂದಿರುತ್ತದೆ. ಆ ಮಾತು ಯುರೋಪಿನ ಚಿತ್ರಕಾರರಿಂದ ಬಂದದ್ದು. ಅಲ್ಲಿ ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಅಪರೂಪ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶಾಲಾಮಕ್ಕಳು ಶೂನ್ಯ ನೆರಳಿನ ದಿನವೆಂದು ಅಂಗಳದಲ್ಲಿ ಕೋಲು ನಿಲ್ಲಿಸಿ ನೋಡುವುದು ಆಗಲೇ. ಈ ಎರಡು ದಿನಗಳ ನಡುವೆ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ, ಆದ್ದರಿಂದ ಮೇ, ಜೂನ್, ಜುಲೈ ತಿಂಗಳುಗಳ ಬೆಳಿಗ್ಗೆ ಮತ್ತು ಸಂಜೆ ನಿಮ್ಮ ಉತ್ತರದ ಕಿಟಕಿಗೂ ಓರೆ ಬಿಸಿಲು ಬರುತ್ತದೆ. ಆಗ ಸರಳುಗಳ ನೆರಳು ಕೆನ್ನೆಯ ಮೇಲೆ ಗೆರೆ ಎಳೆಯುತ್ತದೆ. ದಿಕ್ಕಿಗಿಂತ ಮುಖ್ಯವಾದದ್ದು ಇಷ್ಟೇ: ಆಕಾಶ ಕಾಣಬೇಕು, ಬಿಸಿಲು ಒಳಗೆ ಬರಬಾರದು. ಮೋಡ ಮುಚ್ಚಿದ ಮಳೆಗಾಲದ ಹಗಲು ಇದಕ್ಕೆ ಹೇಳಿ ಮಾಡಿಸಿದ್ದು. ಟೆರೇಸಿನ ನಡುಮಧ್ಯಾಹ್ನ ಮಾತ್ರ ಬೇಡವೇ ಬೇಡ. ಬೆಳಕು ನೆತ್ತಿಯಿಂದ ಇಳಿದು ಕಣ್ಣುಗಳು ಎರಡು ಕಪ್ಪು ಗುಳಿಗಳಾಗುತ್ತವೆ.

ಕಿಟಕಿ ನಿಮ್ಮ ಬೆನ್ನಿಗೂ ಇರಬಾರದು, ಪೂರ್ತಿ ಎದುರಿಗೂ ಇರಬಾರದು. ಓರೆಯಾಗಿ ಮುಂದೆ ಇರಲಿ. ಚಿತ್ರ ತೆಗೆಯುವ ಮೊದಲು ಕಣ್ಣಿನ ಪಾಪೆಯನ್ನು ಗಮನಿಸಲು ಹೇಳಿ. ಅದರ ಮೇಲುಭಾಗದಲ್ಲಿ ಕಿಟಕಿಯ ಒಂದು ಪುಟ್ಟ ಬಿಳಿ ಚೌಕ ಹೊಳೆಯುತ್ತಿದ್ದರೆ ಮುಖಕ್ಕೆ ಜೀವ ಬಂದಂತೆ. ಟ್ಯೂಬ್‌ಲೈಟನ್ನು ಆರಿಸಿಬಿಡಿ, ಏಕೆಂದರೆ ಎರಡು ಬಣ್ಣದ ಬೆಳಕುಗಳು ಒಂದೇ ಮುಖದ ಮೇಲೆ ಬಿದ್ದಾಗ ಯಾವ ಕ್ಯಾಮೆರಾವೂ ಎರಡಕ್ಕೂ ನ್ಯಾಯ ಒದಗಿಸಲಾರದು. ಹಿಂದಿನ ಗೋಡೆಗೆ ಒರಗದೆ ನಾಲ್ಕೈದು ಅಡಿ ಮುಂದೆ ಬನ್ನಿ.

ನಮ್ಮ ಊರಿನ ಮನೆಗಳಿಗೇ ವಿಶೇಷವಾದ ಎರಡು ತೊಡಕುಗಳಿವೆ. 30×40ರ ಸೈಟಿನಲ್ಲಿ ಪಕ್ಕದ ಮನೆಯ ಗೋಡೆ ಕಿಟಕಿಗೆ ಕೈಯಳತೆಯಲ್ಲಿರುತ್ತದೆ. ಅದಕ್ಕೆ ಗಿಳಿಹಸಿರು ಬಣ್ಣ ಬಳಿದಿದ್ದರೆ ನಿಮಗೆ ಬರುವ ಬೆಳಕೂ ಗಿಳಿಹಸಿರೇ. ಇನ್ನೊಂದನ್ನು ನಾನು ಕಲಿತದ್ದು ಬಸವನಗುಡಿಯ ಹಳೆಯ ಮನೆಯೊಂದರಲ್ಲಿ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರನ್ನು ನಡುಮನೆಯ ಕಿಟಕಿಯ ಬಳಿ ಕೂರಿಸಿ ಚಿತ್ರ ತೆಗೆದೆ. ಬೆಳಕು ಸೊಗಸಾಗಿತ್ತು, ಆದರೆ ಗದ್ದದ ಕೆಳಗೂ ಮೂಗಿನ ಹೊಳ್ಳೆಗಳ ಸುತ್ತಲೂ ಸುಟ್ಟ ಗಾಯದಂತೆ ಕೆಂಪು. ಫ್ರೇಮಿನಿಂದ ಫ್ರೇಮಿಗೆ ಬಣ್ಣದ ಸೆಟ್ಟಿಂಗ್ ತಿರುಗಿಸುತ್ತ ಅರ್ಧ ಗಂಟೆ ಕಳೆದೆ. ಕೊನೆಗೆ ಅವರ ಹೆಂಡತಿ ಕಾಫಿ ತಂದಿಟ್ಟು, ನೆಲ ನೋಡಿ ಎಂದರು. ಎರಡು ತಲೆಮಾರು ಒರೆಸಿ ಒರೆಸಿ ಕನ್ನಡಿಯಾಗಿದ್ದ ರೆಡ್ ಆಕ್ಸೈಡ್ ನೆಲ ಕಿಟಕಿಯ ಬೆಳಕನ್ನು ಕೆಳಗಿನಿಂದ ಅವರ ಮುಖಕ್ಕೆ ಎರಚುತ್ತಿತ್ತು. ಒಂದು ಬಿಳಿ ಪಂಚೆಯನ್ನು ಅವರ ಕಾಲ ಬಳಿ ಹಾಸಿದೆವು, ಕೆಂಪು ಹೋಯಿತು. ಗದ್ದದ ಅಡಿಯ ನೆರಳೂ ಹಿತವಾಗಿ ತಿಳಿಯಾಯಿತು. ಅಂದಿನಿಂದ ನನ್ನ ಚೀಲದಲ್ಲಿ ಲೆನ್ಸುಗಳ ಜೊತೆಗೆ ಒಂದು ಪಂಚೆಯೂ ಇರುತ್ತದೆ.

ಪ್ರಶ್ನೆ: ಸ್ಟುಡಿಯೊದಲ್ಲಿ ತೆಗೆಸಿದ ಚಿತ್ರದಲ್ಲಿ ನನ್ನನ್ನು ಎರಡು ಪಟ್ಟು ಬೆಳ್ಳಗೆ ಮಾಡಿಕೊಟ್ಟಿದ್ದಾರೆ. ಮನೆಯವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ, ನನಗೆ ಕಸಿವಿಸಿ. ಆ್ಯಪ್‌ಗಳಲ್ಲಿ ಸೆಲ್ಫಿ ಕೊಟ್ಟು ಎಐ ಹೆಡ್‌ಶಾಟ್ ಮಾಡಿಸಿಕೊಳ್ಳುವುದು ಮೇಲೇ?
— ಓದುಗರೊಬ್ಬರು, ಕಮ್ಮನಹಳ್ಳಿ

ಉತ್ತರ: ನಿಮ್ಮ ಕಸಿವಿಸಿಯೇ ಸರಿ. ಸಂದರ್ಶನದ ಕೋಣೆಯೊಳಗೆ ಕಾಲಿಡುವ ವ್ಯಕ್ತಿ ಮತ್ತು ಚಿತ್ರದ ವ್ಯಕ್ತಿ ಬೇರೆಬೇರೆಯಾದರೆ, ಎದುರಿಗಿರುವವರ ಮನಸ್ಸಿನಲ್ಲಿ ಮೊದಲು ಹುಟ್ಟುವುದು ಅನುಮಾನ. ಬಣ್ಣ ತಿಳಿ ಮಾಡುವುದನ್ನು ಸೇವೆಯೆಂದು ಭಾವಿಸುವ ನಮ್ಮ ಸ್ಟುಡಿಯೊಗಳ ಅಭ್ಯಾಸಕ್ಕೆ ನಾನು ಬೇರೆ ಹೆಸರು ಕೊಡಲಾರೆ, ಅದು ಅವಮಾನವೇ. ಇದರಲ್ಲಿ ತಂತ್ರಜ್ಞಾನದ ಪಾಲೂ ಇದೆ. ಮುದ್ರಣದ ಬಣ್ಣ ಹೊಂದಿಸಲೆಂದು ಕೊಡಾಕ್ ಕಂಪನಿ ಲ್ಯಾಬುಗಳಿಗೆ ಕಳುಹಿಸುತ್ತಿದ್ದ, ‘ಶರ್ಲಿ ಕಾರ್ಡ್’ ಎಂದು ಹೆಸರಾದ ಮಾದರಿ ಚಿತ್ರಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಮಹಿಳೆ. ಆ ಅಳತೆಗೋಲಿನಲ್ಲಿ ಕಪ್ಪು ಮೈಬಣ್ಣದ ವಿವರಗಳೆಲ್ಲ ಒಂದೇ ಮಸಿಯಾಗುತ್ತಿದ್ದವು, ಮಸಿಯನ್ನು ತಿದ್ದಲು ಹೊರಟವರು ಮುಖವನ್ನೇ ಸುಣ್ಣ ಬಳಿದಂತೆ ಮಾಡುತ್ತಿದ್ದರು.

ಇಂದಿಗೂ ಬಿಳಿಯ ಗೋಡೆಯ ಮುಂದೆ ನಿಂತರೆ ಕ್ಯಾಮೆರಾ ಗೋಡೆಯ ಹೊಳಪಿಗೆ ಬೆದರಿ ಮುಖವನ್ನು ಕಪ್ಪಾಗಿಸುತ್ತದೆ. ಇದಕ್ಕೆ ಪರಿಹಾರ ಮುಖದ ಮೇಲೆಯೇ ಬೆರಳಿಟ್ಟು ಬೆಳಕು ಹೊಂದಿಸುವುದು, ಅಥವಾ ಗೋಡೆಗಿಂತ ಕಂದು ಇಲ್ಲವೇ ಬೂದು ಬಣ್ಣದ ಹಿನ್ನೆಲೆಯನ್ನು ಆರಿಸುವುದು. ಫೋನಿನ ಬ್ಯೂಟಿ ಮೋಡ್ ಕೆಲವೊಮ್ಮೆ ನೀವು ಕೇಳದಿದ್ದರೂ ಚಾಲೂ ಆಗಿರುತ್ತದೆ, ಹುಡುಕಿ ಆರಿಸಿ. ತಿದ್ದುವಿಕೆಗೆ ನಾನು ಅನುಸರಿಸುವ ನಿಯಮ ಸರಳ: ಎರಡು ವಾರದಲ್ಲಿ ತಾನಾಗಿ ಹೋಗುವ ಮೊಡವೆ, ಗೀರುಗಳನ್ನು ತೆಗೆಯಬಹುದು, ಉಳಿಯುವ ಮಚ್ಚೆ, ಸುಕ್ಕು, ಗಾಯದ ಕಲೆಗಳನ್ನು ಮುಟ್ಟಬಾರದು. ಈ ವೃತ್ತಿಗೆ ಬಂದ ಹೊಸದರಲ್ಲಿ ತರುಣನೊಬ್ಬನ ಗಲ್ಲದ ಮಚ್ಚೆಯನ್ನು ಕೇಳದೆಯೇ ಅಳಿಸಿ ಕೊಟ್ಟಿದ್ದೆ. ಅವನ ತಾಯಿ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ‘ಇದು ನಮ್ಮ ಮಗನ ಹಾಗೇ ಇದೆ’ ಎಂದರು. ‘ಹಾಗೇ’ ಎಂಬ ಆ ಒಂದು ಮಾತು ಈಗಲೂ ಚುಚ್ಚುತ್ತದೆ.

ಎಐ ಆ್ಯಪ್‌ಗಳಿಗೂ ಇದೇ ಉತ್ತರ. ನೀವು ಕೊಡುವುದು ಮೊಳದ ದೂರದ ಸೆಲ್ಫಿಗಳು, ಅವು ಹಿಂದಿರುಗಿಸುವುದು ಕೋಟು ತೊಟ್ಟ, ಚರ್ಮದಲ್ಲಿ ರಂಧ್ರವೇ ಇಲ್ಲದ ನಿಮ್ಮ ದೂರದ ಬಂಧುವೊಬ್ಬರನ್ನು. ಜೊತೆಗೆ ನಿಮ್ಮ ಮುಖದ ಹತ್ತಾರು ಚಿತ್ರಗಳು ಯಾರದೋ ಸರ್ವರಿನಲ್ಲಿ ಉಳಿಯಬಹುದು.

ಪ್ರಶ್ನೆ: ನಾನು ಕಾಲೇಜು ಉಪನ್ಯಾಸಕಿ. ದಿನವೂ ಸೀರೆ, ಬೊಟ್ಟು, ಕನ್ನಡಕ. ಹೆಡ್‌ಶಾಟಿಗೆ ಬ್ಲೇಜರ್ ಹಾಕಬೇಕೇ? ನಗಬೇಕೇ?
— ಜಯನಗರದಿಂದ

ಉತ್ತರ: ತರಗತಿಗೆ ಹೇಗೆ ಹೋಗುತ್ತೀರೋ ಹಾಗೆಯೇ ಬನ್ನಿ. ಬೊಟ್ಟು ಇರಲಿ. ಅಗಲ ಜರಿಯ ರೇಷ್ಮೆ ಫ್ಲ್ಯಾಷಿನಲ್ಲಿ ಮುಖಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ, ತೀರಾ ಸಣ್ಣ ಗೆರೆಗಳ ಬಟ್ಟೆ ಪರದೆಯ ಮೇಲೆ ಅಲೆಅಲೆಯಾಗಿ ಮಿಣುಕುತ್ತದೆ. ಒಂದೇ ಬಣ್ಣದ ಹತ್ತಿ ಸೀರೆ ಇವೆರಡಕ್ಕಿಂತ ವಾಸಿ. ಕನ್ನಡಕದ ಗಾಜಿನಲ್ಲಿ ಬೆಳಕು ಮಿಂಚಿದರೆ ಅದರ ಕಡ್ಡಿಗಳನ್ನು ಕಿವಿಯ ಮೇಲೆ ಒಂದಿಷ್ಟು ಎತ್ತಿದರೆ ಸಾಕು, ಗಾಜು ಕೆಳಮುಖವಾಗಿ ಮಿಂಚು ಮಾಯವಾಗುತ್ತದೆ.

ನಗುವಿನ ಬಗ್ಗೆ ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲಿಯೇ ಬರೆದಿದ್ದಾನೆ: ತುಟಿಯ ಮೂಲೆಗಳನ್ನು ಎಳೆಯುವ ಸ್ನಾಯು ನಮ್ಮ ಮಾತು ಕೇಳುತ್ತದೆ, ಕಣ್ಣಿನ ಸುತ್ತಲಿನ ಸ್ನಾಯು ನಿಜವಾದ ಸಂತೋಷಕ್ಕಷ್ಟೇ ಓಗೊಡುತ್ತದೆ. ಹೀಗಾಗಿ ‘ಸ್ಮೈಲ್ ಪ್ಲೀಸ್’ ಎನ್ನುವ ಛಾಯಾಗ್ರಾಹಕನಿಗೆ ಸಿಗುವುದು ಬರೀ ಹಲ್ಲು. ನಿಮ್ಮ ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಬರೆದ ಅಭಾಸಗಳನ್ನು ಹೇಳುತ್ತ ಕುಳಿತುಕೊಳ್ಳಿ, ಮಾತು ಮುಗಿದ ಮರುಕ್ಷಣದಲ್ಲಿ ಕ್ಲಿಕ್ ಮಾಡಲು ಹೇಳಿ.

ಪ್ರಶ್ನೆ: ದುಡ್ಡು ಕೊಟ್ಟು ತೆಗೆಸಿದ ಹೆಡ್‌ಶಾಟನ್ನು ನಾನು ಪುಸ್ತಕದ ಬೆನ್ನುಪುಟಕ್ಕೆ ಬಳಸಲು ಹೊರಟಾಗ, ಛಾಯಾಗ್ರಾಹಕರು ಹಕ್ಕು ತಮ್ಮದೆಂದು ಮತ್ತೆ ಹಣ ಕೇಳುತ್ತಿದ್ದಾರೆ. ಇದು ಸರಿಯೇ?
— ಲೇಖಕರೊಬ್ಬರು, ವಿಜಯನಗರ

ಉತ್ತರ: ನಿಮ್ಮಿಬ್ಬರ ನಡುವೆ ಬೇರೆ ಒಪ್ಪಂದವಿಲ್ಲದಿದ್ದರೆ ಸರಿಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಒಬ್ಬರ ಕೋರಿಕೆಯ ಮೇರೆಗೆ ಹಣ ಪಡೆದು ತೆಗೆದ ಛಾಯಾಚಿತ್ರದ ಮೊದಲ ಹಕ್ಕುದಾರರು ತೆಗೆಸಿಕೊಂಡವರು. ಅದೇ ನಿಯಮದಂತೆ, ಕಂಪನಿಯೇ ಹಣ ಕೊಟ್ಟು ಸಿಬ್ಬಂದಿಯ ಚಿತ್ರ ತೆಗೆಸಿದ್ದರೆ ಹಕ್ಕು ಕಂಪನಿಯದು, ಕ್ಯಾಮೆರಾದ ಮುಂದೆ ಕುಳಿತವರದ್ದಲ್ಲ. ತಿದ್ದದ ಮೂಲ ಫೈಲುಗಳನ್ನು ಕೊಡಬೇಕೇ ಎಂಬುದು ಮಾತ್ರ ಮೊದಲೇ ಮಾತಾಡಿಕೊಳ್ಳಬೇಕಾದ ಸಂಗತಿ. ಮುಂದಿನ ಸಲ ಮುಂಗಡ ಕೊಡುವಾಗ ಇವೆರಡನ್ನೂ ರಸೀದಿಯ ಮೇಲೆಯೇ ಬರೆಸಿ, ಸಹಿ ಹಾಕಿಸಿಕೊಳ್ಳಿ.