ಬೋರರ್ (ಕಾಂಡ ಕೊರೆಯುವ ಹುಳು) ಹೊಡೆದ ಕಾಫಿ ಗಿಡದ ಬೊಡ್ಡೆಯಿಂದ ಟೀಪಾಯಿ ಮಾಡಬಹುದಾ?

ಖಂಡಿತ ಮಾಡಬಹುದು. ಆದರೆ ಕಿತ್ತ ಬೊಡ್ಡೆಯನ್ನು ಸುಮ್ನೆ ಶೆಡ್ಡಿನಲ್ಲಿ ಒಣಗಲು ಇಡಬೇಡಿ. ಒಳಗೆ ಈ ಬೋರರ್‌ನ, ಅಂದರೆ ಬಿಳಿ ಕಾಂಡಕೊರಕದ, ಮರಿಹುಳು ಇನ್ನೂ ಬದುಕಿರುತ್ತದೆ. ಏಪ್ರಿಲ್–ಮೇನಲ್ಲೋ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೋ ದುಂಬಿಯಾಗಿ ಹೊರಬಂದು ಪಕ್ಕದ ಅರೇಬಿಕಾ ಕಾಫಿ ಗಿಡಗಳ ಮೇಲೇ ಮೊಟ್ಟೆ ಇಡುತ್ತದೆ. ಒಂದು ಟೀಪಾಯಿಗಾಗಿ ತೋಟ ಕಳೆದುಕೊಳ್ಳುವುದು ಬೇಡ ಅಲ್ವಾ? ಕಿತ್ತ ದಿನವೇ ಕೆರೆಯಲ್ಲೋ ತೊಟ್ಟಿಯಲ್ಲೋ 7ರಿಂದ 10 ದಿನ ಪೂರ್ತಿ ಮುಳುಗಿಸಿಡಿ. ತೇಲದಂತೆ ಮೇಲೆ ಕಲ್ಲು ಹೇರಿ.

ಆಮೇಲೆ ಸಿಪ್ಪೆ ತೆಗೆದು, ಕೊಯ್ದ ತುದಿಗಳಿಗೆ ಪೇಂಟ್ ಬಳಿದು, ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಸೀಳುತ್ತದೆ. ಮೂಡಿಗೆರೆ ಮಳೆಗಾಲದಲ್ಲಂತೂ ಆತುರ ಪಡಬೇಡಿ, ತಿಂಗಳುಗಟ್ಟಲೆ ಬೇಕು.

ಹುಳು ಕೊರೆದ ದಾರಿಯಲ್ಲಿ ಮರದ ಪುಡಿ ಗಟ್ಟಿಯಾಗಿ ತುಂಬಿರುತ್ತದೆ. ತಂತಿಯಿಂದ ಕೆದಕಿ ತೆಗೆದು ಎಪಾಕ್ಸಿ ಅಂಟು ತುಂಬಿ. ಆದರೆ ಆ ಗೆರೆಗಳನ್ನು ಬಣ್ಣ ಬಳಿದು ಮುಚ್ಚಬೇಡಿ, ನನಗಂತೂ ಅವೇ ಅಂದ. ಟೊಳ್ಳಾದ ಕಡೆ ಸ್ಕ್ರೂ ಹಿಡಿಯುವುದಿಲ್ಲ. ತಟ್ಟಿ ನೋಡಿ, ಗಟ್ಟಿ ಸದ್ದು ಬರುವ ಭಾಗವನ್ನಷ್ಟೇ ಕಾಲಿಗೆ ಬಳಸಿ. ಕಾಫಿ ಬೊಡ್ಡೆಯಲ್ಲಿ ಅಗಲದ ಹಲಗೆ ಸಿಗುವುದಿಲ್ಲ. ಮೇಲಕ್ಕೆ ಗಾಜು ಕೂರಿಸಿ, ಇಲ್ಲವೇ ತೋಟದ್ದೇ ಸಿಲ್ವರ್ ಓಕ್ ಹಲಗೆ ಹಾಕಿ.